‘ಏನ್ ಅನಸ್ತು?’ ಎಂದು ಕೇಳುತ್ತಿದ್ದವರು

ಅವರ ಮುಖ ಸಿಗಲಿಲ್ಲ.

ಮಾಮಾ ತೀರಿಕೊಂಡ ಮರುದಿನ ಅವರ ತಮ್ಮ ಶಹಾಪುರದ ನನ್ನ ಫೋಟೊ ಸ್ಟುಡಿಯೋಕ್ಕೆ ಫೋನು ಮಾಡಿದರು. ಸುರಪುರದಲ್ಲಿ ತಮ್ಮ ಓಣಿಯ ಬಾಯಿಗೆ ಒಂದು, ಬಸ್ ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಕಟ್ಟಿಸಬೇಕು, ಭಾವಪೂರ್ಣ ಶ್ರದ್ಧಾಂಜಲಿ ಅಂತ ದೊಡ್ಡ ಅಕ್ಷರದಲ್ಲಿ ಬರಬೇಕು, ಒಂದು ಒಳ್ಳೆಯ ಫೋಟೊ ಹುಡುಕಿಡು ಎಂದರು. "ನಿನ್ನ ಹತ್ರ ಬೇಕಾದಷ್ಟು ಇರ್ತಾವಲ್ಲಪಾ. ಯಾವ ಮದುವ್ಯಾಗ ಇದ್ದಿದ್ದಿಲ್ಲ ಅಂವ?" ನಾನೂ ಹಾಗೇ ಅಂದುಕೊಂಡಿದ್ದೆ. ನಾನು ಕ್ಯಾಮೆರಾ ಹಿಡಿದ ಹೆಚ್ಚುಕಡಿಮೆ ಎಲ್ಲ ಮದುವೆಗಳಲ್ಲೂ ಅವರಿದ್ದರು. ಹಾರ್ಡ್ ಡಿಸ್ಕ್ ಹಚ್ಚಿ ಕುಳಿತೆ. ಒಂದು ಮದುವೆಯಲ್ಲಿ ಅವರ ಬೆನ್ನು. ಇನ್ನೊಂದರಲ್ಲಿ ಯಾರದೋ ಕಿವಿಗೆ ಬಗ್ಗಿದ ಅವರ ತಲೆ. ಮತ್ತೊಂದರಲ್ಲಿ ಫ್ರೇಮಿನಿಂದ ಆಚೆ ಹೋಗುತ್ತಿರುವ ಧೋತರದ ಅಂಚು. ಬಹಳ ಕಡೆ ಬರೀ ಅಂಗೈ. ಲೆನ್ಸಿನ ಮೇಲೆ ಅಡ್ಡ ಬಂದ, ಗೆರೆಗಳು ಕಪ್ಪಾದ ಅಂಗೈ.

ನನಗೆ ದುಃಖ ಆಗಬೇಕಿತ್ತು. ಆಗಲಿಲ್ಲ. ಚಹಾ ಬಂತು, ಕುಡಿದೆ. ಪಾಸ್‌ಪೋರ್ಟ್ ಸೈಜಿಗೆ ಬಂದವರಿಗೆ ಗದ್ದ ಸ್ವಲ್ಪ ಮೇಲೆ ಎತ್ತಿ ಎಂದೆ, ಎತ್ತಿದರು, ಹಿಡಿದೆ. ಚಳಿಗಾಲದಲ್ಲಿ ಬಹಳ ಹೊತ್ತು ಒಂದೇ ಮಗ್ಗುಲಿಗೆ ಮಲಗಿದರೆ ತೋಳು ನಮ್ಮದಲ್ಲ ಅನಿಸುತ್ತದಲ್ಲ, ಆವತ್ತು ಇಡೀ ದಿನ ನಾನು ಹಾಗೇ ಇದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಕರೆದರೆ ಏನಾಗುತ್ತದೆ, ಕರೆಯದಿದ್ದರೆ ಏನಾಗುತ್ತದೆ ಎಂದು ನನಗೆ ತೋರಿಸಿಕೊಟ್ಟವರೇ ಅವರು. ಯಾದಗಿರಿಯಿಂದ ಸುರಪುರದವರೆಗೆ ಎಲ್ಲರಿಗೂ ಅವರು ಮಾಮಾ. ಆ ದಾರಿಯ ಬಸ್ಸಿನಲ್ಲಿ ಬದುಕಿಡೀ ಕಂಡಕ್ಟರ್ ಆಗಿದ್ದರು. ಯಾವ ಊರಿನ ಯಾವ ಮನೆಯ ಹೆಣ್ಣು ಯಾವ ಊರಿಗೆ ಹೋಗಿದ್ದಾಳೆ, ಯಾರಿಗೆ ಯಾರು ಸೋದರಮಾವ, ಯಾವ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಬಂದರೂ ಬೇರೆ ಬೇರೆ ಸೀಟಿನಲ್ಲಿ ಕೂಡುತ್ತಾರೆ, ಎಲ್ಲ ಗೊತ್ತಿತ್ತು. ಆದರೆ ಕಂಡಕ್ಟರಿಗೆ ಇರಬೇಕಾದ ಗಂಟಲು ಮಾತ್ರ ಅವರಿಗಿರಲಿಲ್ಲ. ಅವರು ‘ರೈಟ್’ ಅಂದರೆ ಡ್ರೈವರನಿಗೆ ಕೇಳಿಸುತ್ತಿರಲಿಲ್ಲ ಎಂದು ಜನ ನಗುತ್ತಿದ್ದರು. ಎಲ್ಲದಕ್ಕೂ ಸೀಟಿ. ನಿವೃತ್ತರಾದ ಮೇಲೂ ಆ ಸೀಟಿ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ನಮ್ಮ ಕಡೆಯ ಮದುವೆ ನೋಡದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಮದುವೆ ಮುಗಿಯುವುದಿಲ್ಲ, ಆಗ ಶುರುವಾಗುತ್ತದೆ. ಆಯೇರಿ. ಮದುವೆ ಮನೆಯವರು ಬೀಗರನ್ನೂ ಬಳಗವನ್ನೂ ಮೈಕಿನಲ್ಲಿ ಹೆಸರು ಹಿಡಿದು ಕರೆದು ಬಟ್ಟೆ ಕೊಡುತ್ತಾರೆ. ಹಿರಿಯರ ತಲೆಗೆ ಪಟಗಾ ಸುತ್ತುತ್ತಾರೆ, ಉಳಿದ ಗಂಡಸರಿಗೆ ಟಾವೆಲ್ ಟೋಪಿ, ಹೆಣ್ಣುಮಕ್ಕಳಿಗೆ ಸೀರೆ, ಇಲ್ಲವೇ ರವಿಕೆಗೆ ಆಗುವಷ್ಟು ಬಟ್ಟೆ, ಕುಬಸದ ಕಣ. ಟಾವೆಲ್ ಎಲ್ಲರ ಮನೆಯಲ್ಲೂ ಇರುತ್ತದೆ. ಬೇಕಾದದ್ದು ಟಾವೆಲ್ ಅಲ್ಲ, ಮೈಕಿನಲ್ಲಿ ಹೆಸರು. ಒಂದು ಹೆಸರು ಬಿಟ್ಟು ಹೋಯಿತೋ, ಆ ಮನುಷ್ಯ ಮೆಲ್ಲಗೆ ಎದ್ದು, ಊಟಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಡುತ್ತಾನೆ. ಮುಂದೆ ಎರಡು ಮನೆಗಳ ನಡುವೆ ನೀರು ಬೆಂಕಿ ಇರುವುದಿಲ್ಲ. ಹಾಗೆ ಎದ್ದು ಹೋದವರ ಹಿಂದೆ ಹೋಗಿ ಕರೆತರುವುದು ಮಾಮಾನ ಕೆಲಸ. ಬಟ್ಟೆ ಹಂಚುವುದೂ ಪಟಗಾ ಸುತ್ತುವುದೂ ಅವರೇ. ಯಾರೂ ನೇಮಿಸಿದ್ದಲ್ಲ. ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಅವರ ಮನೆಗೆ ಬಂದು ದಿನ ಕೇಳಿಕೊಂಡು ಹೋಗುತ್ತಿದ್ದರು ಜನ.

ನನಗೆ ಅವರ ಪರಿಚಯ ಆದದ್ದು ನನ್ನ ಮೊದಲನೆಯ ಮದುವೆಯಲ್ಲಿ. ನಾನು ಫೋಟೊ ಹಿಡಿದ ಮೊದಲನೆಯ ಮದುವೆ ಅಂತ ಅರ್ಥ. ಸರಿಯಾಗಿ ಅಕ್ಕಿಕಾಳಿನ ಹೊತ್ತಿಗೆ ಕ್ಯಾಮೆರಾದ ಬ್ಯಾಟರಿ ಹೋಯಿತು. ವರನ ಕಾಕಾಗಳು ನನ್ನನ್ನು ಸುತ್ತುಗಟ್ಟಿ ಏನೇನು ಅನ್ನಬೇಕೋ ಅಂದರು. ನಾನು ಅಡಿಗೆ ಪೆಂಡಾಲಿನ ಹಿಂದೆ ಹೋಗಿ ನಿಂತೆ. ಒಬ್ಬ ಧೋತರದ ಮನುಷ್ಯ ಬಂದು ಬಗಲಿಗೆ ನಿಂತರು. ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. "ಏನ್ ಅನಸ್ತು?" ಎಂದು ಕೇಳಿದರು.

ಆ ಪ್ರಶ್ನೆ ನನಗೆ ವಿಚಿತ್ರ ಅನಿಸಿತು. ಏನಾಯ್ತು ಎಂದು ಎಲ್ಲರೂ ಕೇಳುತ್ತಾರೆ. "ನಾಚಿಕಿ ಆತ್ರೀ," ಎಂದೆ.

"ನಾಚಿಕಿ ಏನಾತು? ದೊಡ್ಡ ಬ್ಯಾನಿ ಅಲ್ಲ ಅದು. ಉಂಡ್ರ ಹೋಗ್ತದ. ಉಂಡೇನು?"

"ಇಲ್ರಿ."

"ನಡಿ, ಕುಂದ್ರು. ನಾನೂ ಉಂಡಿಲ್ಲ."

ಹುಗ್ಗಿ ನೀಡಿಸಿದರು. ಕೊನೆಯ ಪಂಕ್ತಿ ಏಳುವವರೆಗೆ ಅವರು ತಾವು ಉಣ್ಣುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಆವತ್ತು ನನ್ನ ಜೊತೆ ಸುಮ್ಮನೆ ಬೆರಳು ಅದ್ದಿಕೊಂಡು ಕುಳಿತಿದ್ದರು.

ಅವರ ಲೆಕ್ಕದಲ್ಲಿ ಮನುಷ್ಯನ ಮುಖ ಕೆಡುವುದಕ್ಕೆ ಹಲವು ದಾರಿಗಳಿದ್ದವು, ಒಂದೊಂದಕ್ಕೂ ಬೇರೆ ಬೇರೆ ಮದ್ದು. ಕಾಯಿಲೆಯ ಹೆಸರು ಸರಿಯಾಗಿ ಗೊತ್ತಾಗದೆ ಮದ್ದು ಕೊಡಬಾರದು ಎನ್ನುತ್ತಿದ್ದರು. ಕೆಂಭಾವಿಯ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಎದ್ದು ಹೊರಟ. ಮಾಮಾ ಹಿಂದೆ ಹೊರಟರು, ಕುತೂಹಲಕ್ಕೆ ನಾನೂ ಹೊರಟೆ. ಸಂತೆಕಟ್ಟೆಯ ಹತ್ತಿರ ಬೇವಿನ ಗಿಡದ ಕೆಳಗೆ ಆತ ಸಿಕ್ಕ. ನಾನು ರೂಢಿಯಂತೆ ಕ್ಯಾಮೆರಾ ಎತ್ತಿದೆ. ಮಾಮಾ ತಿರುಗಿಯೂ ನೋಡದೆ ಅಂಗೈಯನ್ನು ಲೆನ್ಸಿಗೆ ಅಡ್ಡ ಇಟ್ಟರು. "ಇದನ್ನ ಹಿಡೀಬ್ಯಾಡ ತಮ್ಮಾ." ಆಮೇಲೆ ಆತನಿಗೆ ಅದೇ ಪ್ರಶ್ನೆ.

"ಏನ್ ಅನಸ್ತದ್ರಿ? ಅಪಮಾನ ಆತು," ಎಂದ ಸೋದರಮಾವ.

"ಅಪಮಾನ ತಾನೇ ಆಗಂಗಿಲ್ಲ. ಯಾರರೆ ಮಾಡಬೇಕು. ಯಾರ್ ಮಾಡಿದ್ರು ಹೇಳ್ರಿ, ಅವರನ್ನ ಇಲ್ಲಿಗೇ ಕರ್ಕೊಂಡ ಬರ್ತೀನಿ."

ಆತ ಯೋಚಿಸಿದ. "ಮಾಡಿದ್ದಲ್ರಿ. ಮರ್ತಾರ."

"ಮತ್ತ?"

"ಮೈಕಿನ್ಯಾಗ ನನ್ನ ಹೆಸರ್ನಂಗೇ ಕೇಳಿಸ್ತು. ಎದ್ದು ಕೈ ಮುಂದ ಮಾಡಿದೆ. ಟಾವೆಲ್ ಬಾಜೂದವನಿಗೆ ಹೋತು. ನನ್ನ ಕೈ ಹಂಗೇ ಉಳೀತು."

"ಅಯ್ಯ! ಪೆಚ್ಚಾದ್ರಿ ಅಂದಂಗಾತು."

ಸೋದರಮಾವ ಒಂದು ಗಳಿಗೆ ಮಾಮಾನ ಮುಖ ನೋಡಿದ. "ಹೌದ್ ನೋಡ್ರಿ. ಪೆಚ್ಚೇ ಆದೆ," ಎಂದ. ಮಾಮಾ ನಕ್ಕರು, ಒಂದು ಸಲ ತಾವು ಯಾರದೋ ಬೀಗರ ಮುಂದೆ ಚಾಚಿದ ಕೈಯನ್ನು ತಲೆ ಕೆರೆದುಕೊಳ್ಳಲು ತಿರುಗಿಸಿದ್ದನ್ನು ಮಾಡಿ ತೋರಿಸಿದರು. ಆತನೂ ನಕ್ಕ. ಪೆಚ್ಚಾದವನ ಜೊತೆ ಆಗಿಂದಾಗಲೇ ಒಬ್ಬ ನಗಬೇಕು, ಸಂಜೆತನಕ ಬಿಟ್ಟರೆ ಅದು ಹೆಪ್ಪುಗಟ್ಟಿ ಅಪಮಾನ ಆಗುತ್ತದೆ ಎಂದು ತಿರುಗಿ ಬರುವಾಗ ನನಗೆ ಹೇಳಿದರು.

ಸಂಕೋಚಪಡುವವರನ್ನು ಮಾತ್ರ ಅವರು ಮಾತಾಡಿಸುತ್ತಲೇ ಇರಲಿಲ್ಲ. ಹಳೆಯ ಅಂಗಿ ಹಾಕಿಕೊಂಡು ಬಂದು ಪೆಂಡಾಲಿನ ಕಂಬಕ್ಕೆ ಒತ್ತಿಕೊಂಡು ನಿಂತ ಬಡ ಬಳಗದವರು ಇರುತ್ತಾರಲ್ಲ, ಅಂಥವರ ಕೈಗೆ ಹೋಗಿ ಸಾರಿನ ಬಕೆಟ್ಟು ಕೊಟ್ಟುಬಿಡುತ್ತಿದ್ದರು. "ಪುಣ್ಯಾ ಬರ್ತದ, ಆ ಸಾಲಿಗೆ ನೀಡಿ ಬಾ." ಬಕೆಟ್ಟು ಹಿಡಿದವನ ಅಂಗಿಯನ್ನು ಯಾರೂ ನೋಡುವುದಿಲ್ಲ. ಐದು ನಿಮಿಷದಲ್ಲಿ ಆತ ಇಡೀ ಪಂಕ್ತಿಗೆ ದಬಾಯಿಸುತ್ತಿದ್ದ.

ಹೆಣ್ಣುಮಕ್ಕಳು ಹೆಚ್ಚಾಗಿ ಹೇಳುತ್ತಿದ್ದ ಮಾತು ‘ಹಗುರ’. ಸುರಪುರದ ಮದುವೆಯೊಂದರಲ್ಲಿ ಮದುಮಗಳ ದೊಡ್ಡವ್ವನಿಗೆ ಕುಬಸದ ಕಣ ಬಂತು, ಅಕ್ಕಪಕ್ಕದವರಿಗೆ ಸೀರೆ. ಆಕೆ ಅಳಲಿಲ್ಲ, ಕೂಗಾಡಲಿಲ್ಲ, ಕಣವನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದಳು. "ಮಂದ್ಯಾಗ ಹಗುರ ಮಾಡಿದ್ರು ನೋಡಪಾ," ಅಂದಳು ಮಾಮಾನಿಗೆ. ಮದುಮಗಳ ತಾಯಿ ಗಾಬರಿಯಾಗಿ ಒಂದು ಸೀರೆ ತಂದು, ಅಕ್ಕನನ್ನು ಒಳಗಿನ ಕೋಣೆಗೆ ಕರೆಯಿರಿ, ಕೊಟ್ಟು ಕೈಮುಗಿಯುತ್ತೇನೆ ಎಂದಳು.

"ಒಳಗ ಕರದು ಕೊಟ್ರ ಅದು ಲಂಚ ಆಗ್ತದವ್ವಾ," ಎಂದರು ಮಾಮಾ. "ಹಗುರಾದದ್ದು ಮಂದಿ ಕಣ್ಣಾಗ. ಭಾರ ಆಗೋದೂ ಅದೇ ಮಂದಿ ಕಣ್ಣಾಗ ಆಗಬೇಕು." ಹೆಂಗಸರ ಪಂಕ್ತಿ ಕುಳಿತಾಗ, ಅದೇ ಅಕ್ಕಪಕ್ಕದವರ ನಡುವೆ, ತಾಯಿ ಹರಿವಾಣ ಹಿಡಿದು ಬಂದು ಅಕ್ಕನ ಉಡಿಗೆ ಸೀರೆ ಹಾಕಿದಳು. ಆಗಲೂ ನನ್ನ ಲೆನ್ಸಿನ ಮೇಲೆ ಅಂಗೈ. ಇದನ್ನಾದರೂ ಹಿಡಿಯಬಹುದಿತ್ತಲ್ಲ ಎಂದು ನಾನು ಸಿಡಿಮಿಡಿಗೊಂಡೆ. "ಸೀರಿ ಕೊಟ್ಟಿದ್ದು ಹಿಡದ್ರ, ಮೊದಲ ಯಾಕ ಕೊಟ್ಟಿದ್ದಿಲ್ಲ ಅಂತ ನಾಳಿ ನೋಡಿದವರು ಕೇಳ್ತಾರ," ಎಂದರು.

ಬಟ್ಟೆಯ ವಿಷಯ ಅಲ್ಲದಿದ್ದರೂ ಅವರನ್ನು ಎಳೆಯುತ್ತಿದ್ದರು. ಶಹಾಪುರದಲ್ಲಿ ಪೆಂಡಾಲು ಹಾಕುವ ಒಬ್ಬ ಭಾಯಿ ಇದ್ದಾರೆ. ಒಂದು ಮದುವೆಯಲ್ಲಿ ಕೂಲರು ಕೆಟ್ಟಿತೆಂದು ಹುಡುಗಿಯ ತಂದೆ ಅವರನ್ನು ಅವರ ಆಳುಗಳ ಎದುರಿಗೇ ಬೈದರು. ಭಾಯಿ ಕಂಬದ ಹಗ್ಗ ಬಿಚ್ಚತೊಡಗಿದರು, ಉಳಿದ ಮದುವೆ ಬಿಸಿಲಲ್ಲೇ ಆಗಲಿ ಅಂತ. ಮಾಮಾ ಹೋಗಿ ಕೇಳಿದರು. "ಬೇಇಜ್ಜತಿ ಹುವೀ ಮಾಮಾ. ಸಬ್ ಕೇ ಸಾಮ್ನೆ ಬೋಲೆ. ಅಕೇಲೇ ಮೇ ದೋ ಮಾರ್ತೇ ತೋ ಭೀ ಚಲ್ತಾ ಥಾ." ಎಲ್ಲರ ಮುಂದೆ ಅಂದರು, ಒಬ್ಬನೇ ಇದ್ದಾಗ ಎರಡು ಹೊಡೆದಿದ್ದರೂ ನಡೆಯುತ್ತಿತ್ತು ಎಂದು. ಮಾಮಾ ಹುಡುಗಿಯ ತಂದೆಯಿಂದ ಕ್ಷಮೆ ಕೇಳಿಸಲಿಲ್ಲ. ಕ್ಷಮೆ ಕೇಳಿದರೆ ಆ ಮನುಷ್ಯನಿಗೆ ಬೇಇಜ್ಜತಿ, ಮತ್ತೆ ಅದಕ್ಕೊಂದು ಮದ್ದು ಹುಡುಕಬೇಕು. ಬದಲು, ಅದೇ ಆಳುಗಳ ಮುಂದೆ ಹೋಗಿ ಊಟದ ಸಾಲು ಯಾವ ಕಡೆ ಮುಖ ಮಾಡಿದರೆ ಒಳ್ಳೆಯದು ಎಂದು ಭಾಯಿಯನ್ನು ಕೇಳಿರಿ ಎಂದು ಕಳಿಸಿದರು. ಭಾಯಿ ಹಗ್ಗ ಬಿಟ್ಟು, ಸೂರ್ಯನ ಕಡೆ ಕೈ ತೋರಿಸಿ, ಬಹಳ ಹೊತ್ತು ವಿವರಿಸಿದರು. ಹಗ್ಗ ಮತ್ತೆ ಕಟ್ಟಿದರು.

ಗುರುಮಠಕಲ್ ಕಡೆಯ ಬೀಗರು ಬಂದರೆ ಮಾಮಾನಿಗೆ ಕಷ್ಟ. ಅಲ್ಲಿಯ ಮುದುಕಿಯರು ತೆಲುಗಿನಲ್ಲಿ ‘ಸಿಗ್ಗೈತಂದಿ’ ಎನ್ನುತ್ತಿದ್ದರು. ಹೊಸ ಸೊಸೆ ನಾಚಿಕೊಂಡರೂ ಸಿಗ್ಗು, ಮಂದಿಯೆದುರು ತಲೆ ತಗ್ಗಿಸಿದರೂ ಸಿಗ್ಗು. "ಯಾವ ಸಿಗ್ಗ್ರೀ ಅಮ್ಮಾ, ಊಟಕ್ಕ ಹೋಗೋ ಸಿಗ್ಗೋ, ಹೋಗಲಾರದ್ದೋ?" ಎಂದು ಇವರು ಒಮ್ಮೆ ಕೇಳಿದಾಗ ಒಬ್ಬ ಮುದುಕಿ ತಬ್ಬಿಬ್ಬಾಗಿ, ಕಡೆಗೆ ‘ಪರುವು ಪೋಯಿಂದಿ’ ಎಂದಳು. ಮರ್ಯಾದೆ ಹೋಯಿತು ಎಂದು. ಅದು ಇವರಿಗೆ ತಿಳಿಯಿತು. ಎದುರು ಕಡೆಯ ಹಿರಿಯರೊಬ್ಬರನ್ನು ಎಬ್ಬಿಸಿ, ಮುದುಕಿಯನ್ನು ಎಲ್ಲರೆದುರು ಊಟಕ್ಕೆ ಕರೆಯಲು ಕಳಿಸಿದರು.

ಅವರಿಗೆ ಆಗದಿದ್ದ ಒಂದೇ ಪದ ‘ಮಾನ’. ಯಾರಾದರೂ ಮನೆತನದ ಮಾನ ಹೋಯಿತು ಎಂದರೆ ಮಾಮಾ ಟಾವೆಲ್ಲು ಜಾಡಿಸಿ ಎದ್ದುಬಿಡುತ್ತಿದ್ದರು. "ನಿಂದೇನ್ ಹೋತು ಹೇಳು, ಕೇಳ್ತೀನಿ. ಮಾನ ಹೋತು ಅಂದ್ರ ನಾ ಕೇಳಾಂವಲ್ಲ. ಆ ಮಾತು ಬಂತಂದ್ರ ಸ್ವಲ್ಪ ಹೊತ್ತಿನ್ಯಾಗ ಮನ್ಯಾಗಿನ ಯಾವದೋ ಹೆಣ್ಮಗಳಿಗೆ ಹೊಡ್ತ ಬೀಳ್ತಾವ." ಅಷ್ಟು ಕಟುವಾಗಿ ಅವರು ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ವಿಷಯಕ್ಕೆ.

ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ. ಸ್ಟುಡಿಯೋದಲ್ಲಿ ಕುಳಿತು ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಬಹಳ ಹೊತ್ತು ಊದಿದರು. ಆಮೇಲೆ ಹೇಳಿದರು.

ಹೊಸದಾಗಿ ಕಂಡಕ್ಟರ್ ಆದಾಗ ಅವರ ಗಂಟಲು ದೊಡ್ಡದೇ ಇತ್ತಂತೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಕುರಿ ಕಾಯುವವ ಕಂಬಳಿ ಹೊದ್ದು ಕುಳಿತಿದ್ದ. ಕಂಬಳಿಯೊಳಗಿಂದ ಕುರಿಮರಿ ಒದರಿತು. ಬಸ್ಸಿಗೆ ಬಸ್ಸೇ ನಕ್ಕಿತು. ನಗುವವರು ಸಿಕ್ಕರೆ ಯಾರಿಗೆ ಹುರುಪು ಬರುವುದಿಲ್ಲ? "ಮುದುಕಾ, ಒಳಗಿರೋ ಮಗನಿಗೆ ಹಾಫ್ ಟಿಕೀಟೋ ಫುಲ್ ಟಿಕೀಟೋ? ತಾಯಿ ಯಾರು?" ಎಂದು ಇವರು ಕೂಗಿದರು. ಇನ್ನೂ ನಕ್ಕರು. ಮುದುಕ ಸುರಪುರದವರೆಗೆ ಟಿಕೇಟು ತೆಗೆಸಿದ್ದವನು ಮುಂದಿನ ಸ್ಟಾಪಿನಲ್ಲೇ ಮರಿಯನ್ನು ಎದೆಗವಚಿಕೊಂಡು ಇಳಿದುಬಿಟ್ಟ.

"ಆಮ್ಯಾಲ ಆ ದಾರ್ಯಾಗ ಅಂವ ನಡಕೊಂತ ಹೋಗೋದು ಕಾಣ್ತಿದ್ದ. ಬಿಸಲಾಗ. ಬಸ್ ನಿಲ್ಲಸ್ತಿದ್ದೆ. ಬಾ ಯಜ್ಜಾ, ಹತ್ತು ಅಂತಿದ್ದೆ. ಅಂವ ನನ್ನ ಕಡೆ ನೋಡ್ತಿದ್ದಿಲ್ಲ, ಬಸ್ಸಿನ ಕಡೆನೂ ನೋಡ್ತಿದ್ದಿಲ್ಲ. ಹೊಲ ನೋಡ್ಕೊಂತ ನಿಲ್ತಿದ್ದ, ಬಸ್ ಹೋಗೋತನ. ಒಮ್ಮಿ ಇಳದು ಹೋದೆ. ತಪ್ಪಾತು, ಸಿಟ್ಟೇನು ಅಂದೆ. ಇಲ್ಲ ಅಂದ. ಬ್ಯಾಸರೇನು ಅಂದೆ. ಇಲ್ಲ ಅಂದ. ಮತ್ತೇನ್ ಅನಸ್ತದ ಹೇಳಪಾ ಅಂದೆ. ಏನೂ ಇಲ್ಲ ಅಂದ."

ಬಶಿ ಕೆಳಗಿಟ್ಟರು. "ಸಿಟ್ಟಾದವನಿಗೆ ಮದ್ದದ. ಅಳಾವನಿಗೆ ಮದ್ದದ. ಏನೂ ಇಲ್ಲ ಅನ್ನಾವನಿಗೆ ನನ್ನ ಹತ್ರ ಏನೂ ಇಲ್ಲ ತಮ್ಮಾ. ಅಂವ ಬಸ್ ಹತ್ತಲಿಲ್ಲ ನೋಡು. ಸಾಯೋತನ ಹತ್ತಲಿಲ್ಲ." ಆವತ್ತಿನಿಂದ ಅವರು ಬಸ್ಸಿನಲ್ಲಿ ದನಿ ಎತ್ತಲಿಲ್ಲ, ಸೀಟಿ ಊದಿದರು.

ಇನ್ನು ಅವರ ತಮ್ಮನ ಮಗನ ಮದುವೆ.

ಅದು ಕೋವಿಡ್ ಕಾಲದ ನಂತರದ ಮಾತು. ತಮ್ಮ ರಸ್ತೆ ಕೆಲಸದ ಗುತ್ತಿಗೆದಾರರು, ಕೈಯಲ್ಲಿ ದುಡ್ಡು ಹರಿದಾಡುವ ಮನುಷ್ಯ, ಅಣ್ಣನ ಮೇಲೆ ಜೀವ. ಮಾಮಾನಿಗೆ ಮಕ್ಕಳಿಲ್ಲ. ತಮ್ಮನ ಮಗನನ್ನು ಹೆಗಲ ಮೇಲೆ ಹೊತ್ತು ಆಡಿಸಿದ್ದು ಇವರೇ. ಮದುವೆಗೆ ಮೊದಲು ನನ್ನ ಹತ್ತಿರ ಬಂದು, "ಈ ಸಲ ನಾ ಹಂಚಂಗಿಲ್ಲ. ಕುಂದರ್ತೀನಿ. ದೊಡ್ಡಪ್ಪ ನಾನು. ಮೊದಲ ಪಟಗಾ ನಂದು," ಎಂದರು. ಎಂದೂ ಹಾಗೆ ತಮ್ಮ ಬಗ್ಗೆ ಮಾತಾಡಿದವರಲ್ಲ. ಮನೆಯಲ್ಲಿ ಪಟಗಾ ತೂಗುಹಾಕಲು ಗೋಡೆಗೆ ಒಂದು ಗೂಟ ಬಡಿಸಿದ್ದಾರೆ ಎಂದು ಮಾಮಿ ನಗುತ್ತ ಹೇಳಿದ್ದರು. ಪಟಗಾವನ್ನು ಸುತ್ತಿದ ಆಕಾರ ಕೆಡದಂತೆ ಗೂಟಕ್ಕೆ ಇಡಬೇಕಂತೆ, ಮಡಚಿ ಟ್ರಂಕಿಗೆ ಹಾಕಬಾರದಂತೆ.

ಸುರಪುರದ ಫಂಕ್ಷನ್ ಹಾಲು. ಮೈಕ್ ಹಿಡಿಯಲು ಕಲಬುರಗಿಯಿಂದ ಯಾರನ್ನೋ ಕರೆಸಿದ್ದರು. ಮಾಮಾ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ನೆಹರೂ ಅಂಗಿ, ಎರಡೂ ಕೈ ಮೊಣಕಾಲಿನ ಮೇಲೆ ಇಟ್ಟುಕೊಂಡು ಕುಳಿತಿದ್ದರು. ತಲೆ ಬರಿದು. ಪಟಗಾ ಸುತ್ತಿಸಿಕೊಳ್ಳುವವರು ಟೋಪಿ ಹಾಕಿಕೊಂಡು ಬರುವುದಿಲ್ಲ. ಆಯೇರಿ ಶುರುವಾಯಿತು. ಮೊದಲು ಬಂದಿದ್ದ ದೊಡ್ಡ ಮಂದಿಗೆ, ಆಮೇಲೆ ಬೀಗರಿಗೆ, ಆಮೇಲೆ ಬಳಗಕ್ಕೆ. ಪ್ರತಿ ಹೆಸರಿಗೂ ಮಾಮಾ ಮೈಕಿನ ಕಡೆ ನೋಡುತ್ತಿದ್ದರು. ಅಂಗೈ ಅಡ್ಡ ಇಡುವವರು ಇರಲಿಲ್ಲವಾದ್ದರಿಂದ ನಾನು ಹಿಡಿಯುತ್ತಲೇ ಇದ್ದೆ.

ಆದದ್ದು ಇಷ್ಟೇ. ನಮ್ಮ ಕಡೆ ಬಟ್ಟೆ ತರುವಾಗ ಯಾರ ಮನೆಯಲ್ಲೂ ಮಾಮಾನಿಗೆಂದು ತೆಗೆಯುವುದಿಲ್ಲ. ಅವರು ಹಂಚುವವರು. ಐನೋರಿಗೆ ಅವರ ಕಾಣಿಕೆ ಇರುತ್ತದೆ, ಅಡಿಗೆಯವರಿಗೆ ಧೋತರ ಇರುತ್ತದೆ, ಮಾಮಾ ಮನೆಯವರೇ ಅಲ್ಲವೇ ಎಂದು ಬಿಡುತ್ತಾರೆ. ಊರಿಗೆಲ್ಲ ಆಗಿದ್ದ ಆ ರೂಢಿ ತಮ್ಮನ ಮನೆಗೂ ಆಗಿಬಿಟ್ಟಿತ್ತು. ಯಾರಿಗೂ ತಾವು ಮರೆತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಕೊನೆಯ ಹೆಸರು ಮುಗಿಯಿತು. ಮೇಜಿನ ಮೇಲೆ ಒಂದಿಷ್ಟು ಟಾವೆಲ್ಲು ಉಳಿದವು. ಖುಷಿಯಲ್ಲಿದ್ದ ತಮ್ಮ ಮೈಕು ತಾವೇ ತೆಗೆದುಕೊಂಡರು. ಮಾಮಾ ಕುರ್ಚಿಯ ಅಂಚಿಗೆ ಸರಿದರು.

"ಅಣ್ಣಾ, ಕುಂತೇನು ಮಾಡ್ತಿ? ಬಾ, ಉಳದಾವು ಬ್ಯಾಂಡಿನವರಿಗೆ ಹಂಚಿಬಿಡು. ನಿನ್ನ ಕೈಯಾಗಿಂದೇ ಹೋಗ್ಲಿ."

ಮಾಮಾ ಎದ್ದರು. ಹೋದರು. ಒಬ್ಬೊಬ್ಬ ಬ್ಯಾಂಡಿನವನ ಹೆಸರು ಕೇಳಿ, ಹೆಸರು ಹಿಡಿದು ಕರೆದು, ಟಾವೆಲ್ಲನ್ನು ಬಿಚ್ಚಿ ಹೆಗಲಿಗೆ ಹೊದಿಸಿದರು. ಎಂದಿನ ಹಾಗೆ ನಕ್ಕರು ಕೂಡ. ಕೊನೆಯವನಿಗೆ ಟಾವೆಲ್ ಸಾಲಲಿಲ್ಲ. ತಮ್ಮದೇ ಹೆಗಲ ಮೇಲಿದ್ದುದನ್ನು ತೆಗೆದು ಅವನಿಗೆ ಹೊದಿಸಿದರು.

ಊಟದ ಸಾಲಿನಲ್ಲಿ ಅವರ ಬಗಲಿಗೆ ಹೋಗಿ ಕುಳಿತೆ. ಅವರು ಕಲಿಸಿದ್ದ ಪದಗಳನ್ನೆಲ್ಲ ಒಂದೊಂದಾಗಿ ಅವರ ಮೇಲೆ ಇಟ್ಟು ನೋಡಿದೆ. ಅಪಮಾನ ಅಲ್ಲ, ಮಾಡಿದವರು ಯಾರೂ ಇಲ್ಲ. ಪೆಚ್ಚಲ್ಲ, ಕೈ ಚಾಚಿರಲಿಲ್ಲ. ಹಗುರ ಅಲ್ಲ, ನನ್ನ ಬಿಟ್ಟು ಯಾರೂ ನೋಡಿರಲಿಲ್ಲ. ಯಾವುದೂ ಕೂಡಲಿಲ್ಲ. ಕಡೆಗೆ ಅವರ ಪ್ರಶ್ನೆಯನ್ನೇ ಕೇಳಿದೆ.

"ಮಾಮಾ, ಏನ್ ಅನಸ್ತು?"

ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಸಾಕು ಎಂದು ಕೈ ಅಡ್ಡ ಹಿಡಿದರು. "ಏನೂ ಇಲ್ಲಪಾ," ಎಂದರು.

ಎದ್ದು ಹೋಗಲಿಲ್ಲ. ಹೊಟ್ಟೆತುಂಬ ಉಂಡರು. ಆವತ್ತು ಮೊದಲನೆಯ ಪಂಕ್ತಿಯಲ್ಲೇ ಉಂಡರು.

ಆಮೇಲೆ ಅವರು ಮದುವೆಗಳಿಗೆ ಬರುವುದನ್ನು ಬಿಟ್ಟರು. ಮೊಣಕಾಲು ಎನ್ನುತ್ತಿದ್ದರು. ಕರೆಯಲು ಹೋದವರಿಗೆಲ್ಲ ಚಹಾ ಕುಡಿಸಿ, ಮೊಣಕಾಲು ತೋರಿಸಿ ಕಳಿಸುತ್ತಿದ್ದರು. ತಮ್ಮನ ಮನೆಗೆ ಹೋಗುವುದು ಬರುವುದು ಎಲ್ಲ ಇತ್ತು, ಮಾತುಕತೆ ಇತ್ತು. ಮಾಮಿಯ ಹತ್ತಿರವೂ ಆ ವಿಷಯ ಆಡಲಿಲ್ಲವಂತೆ. ಗೂಟ ಗೋಡೆಯಲ್ಲೇ ಇದೆ. ಈಗ ಮಾಮಿ ಅದಕ್ಕೆ ಸಂತೆಯ ಚೀಲ ತೂಗುಹಾಕುತ್ತಾರೆ. ನಮ್ಮ ಕಡೆಯ ಮದುವೆಗಳಲ್ಲಿ ಈಗಲೂ ಜನ ಎದ್ದು ಹೋಗುತ್ತಾರೆ. ಹೋದವರು ಬಸ್ಸು ಹತ್ತುತ್ತಾರೆ, ಅಷ್ಟೇ. ನಾನು ಎಲ್ಲವನ್ನೂ ಹಿಡಿಯುತ್ತೇನೆ.

ಹಾಗೆ, ಇಡೀ ದಿನ ಹುಡುಕಿದ ಮೇಲೆ ಅವರ ಮುಖ ನೆಟ್ಟಗೆ ಕಾಣುವ ಒಂದೇ ಒಂದು ಚಿತ್ರ ಸಿಕ್ಕಿತು. ಬಿಳಿ ಅಂಗಿ, ಮೊಣಕಾಲಿನ ಮೇಲೆ ಕೈ, ಸ್ವಲ್ಪ ಮುಂದೆ ಬಾಗಿ, ಕಣ್ಣಲ್ಲಿ ಬೆಳಕು. ಹೆಸರು ಈಗ ಬರುತ್ತದೆ ಎಂದು ಕಾದಿದ್ದಾರೆ. ಅದನ್ನು ದೊಡ್ಡದು ಮಾಡಿ ಇಟ್ಟೆ.

ಸಂಜೆ ತಮ್ಮ ಬಂದರು. ಅತ್ತು ಅತ್ತು ಮುಖ ಬಾತಿತ್ತು. ಪರದೆಯ ಮುಂದೆ ಕುಳಿತು, "ಎಷ್ಟು ಛಲೋ ಕುಂತಾನ ನೋಡು ನಮ್ಮಣ್ಣ. ಯಾವ ಮದುವೀದೋ?" ಎಂದರು.

"ನಿಮ್ಮ ಮನೀದೇ ರೀ. ಹುಡುಗನ ಮದುವ್ಯಾಗಿಂದು."

"ಹಂಗಾದ್ರ ಇದು ಬ್ಯಾಡ. ಅವತ್ತ ಪಟಗಾ ಸುತ್ತಿದ್ವಲ್ಲ, ಅದನ್ನ ಹಾಕು. ಪಟಗಾದಾಗ ಇನ್ನೂ ಛಂದ ಕಾಣ್ತಾನ."

ನಾನು ಆಯೇರಿಯ ವಿಡಿಯೊ ಮೊದಲಿನಿಂದ ಹಚ್ಚಿದೆ. ಒಂದೊಂದೇ ಹೆಸರು ಬಂತು, ಒಂದೊಂದೇ ತಲೆಗೆ ಪಟಗಾ ಏರಿತು. ತಮ್ಮ ಮುಂದೆ ಬಾಗಿ ನೋಡುತ್ತಿದ್ದರು. "ಈಗ ಬರ್ತದ ನೋಡು," ಎಂದರು. ಆಮೇಲೆ, "ಇದರ ಮುಂದಿಂದ ಇರಬೇಕು." ಹೆಸರುಗಳು ಮುಗಿದವು. ಪರದೆಯಲ್ಲಿ ಅವರೇ ಮೈಕು ಹಿಡಿದು, ನಗುತ್ತ, ಅಣ್ಣಾ ಕುಂತೇನು ಮಾಡ್ತಿ ಎಂದರು. ಅಣ್ಣ ಎದ್ದು ಹೋಗಿ ಟಾವೆಲ್ಲುಗಳನ್ನು ಕೈಗೆತ್ತಿಕೊಂಡರು.

ತಮ್ಮ ಬಹಳ ಹೊತ್ತು ಮೇಜಿನ ಮೇಲಿನ ಮೌಸನ್ನು ನೋಡುತ್ತ ಕುಳಿತರು. ಅವರಿಗೆ ಏನನಿಸಿತು ಎಂದು ಯಾರಾದರೂ ಕೇಳಬೇಕಿತ್ತು. ನನ್ನಿಂದ ಆಗಲಿಲ್ಲ.

"ಈ ಫೋಟೋಕ್ಕ," ಎಂದರು ಕಡೆಗೆ, "ಒಂದು ಪಟಗಾ ಕೂಡಸಾಕ ಬರ್ತದೇನಪಾ?"

"ಬರ್ತದ್ರಿ," ಎಂದೆ.

ಅದು ನಮಗೆ ದಿನದ ಕೆಲಸ. ಸತ್ತವರಿಗೆ ಕೋಟು ಹಾಕುತ್ತೇವೆ, ಹಣೆಗೆ ವಿಭೂತಿ ಹಚ್ಚುತ್ತೇವೆ, ಬಾಯಿ ಬಿಟ್ಟಿದ್ದರೆ ಮುಚ್ಚುತ್ತೇವೆ. ತಮ್ಮ ಎದ್ದು ಹೋದ ಮೇಲೆ ಬಾಗಿಲು ಹಾಕಿಕೊಂಡು ಪಟಗಾ ಹುಡುಕಿದೆ. ತಲೆಯ ವಾರೆ ಹೊಂದಬೇಕು, ಬೆಳಕು ಹೊಂದಬೇಕು. ಕೆಂಭಾವಿಯ ಮದುವೆಯಲ್ಲಿ ಒಂದು ಸಿಕ್ಕಿತು, ಗುಲಾಬಿ ಬಣ್ಣದ್ದು, ಜರಿ ಅಂಚಿನದು. ಯಾರೋ ಹಿರಿಯರ ತಲೆಯ ಮೇಲೆ ಆಗಷ್ಟೇ ಸುತ್ತು ಮುಗಿದಿತ್ತು. ಸುತ್ತಿದವರು ಚುಂಗನ್ನು ಕಿವಿಯ ಮೇಲೆ ಸಿಕ್ಕಿಸಿ, ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡುತ್ತಿದ್ದರು. ಚಿತ್ರದಲ್ಲಿ ಅವರು ಕಾಣುವುದಿಲ್ಲ. ಅವರ ಬೆರಳು ಮಾತ್ರ ಬಟ್ಟೆಯ ಮೇಲಿದ್ದವು, ಟಿಕೇಟು ಹರಿದು ಹರಿದು ಉಗುರು ಮೊಂಡಾದ ಬೆರಳು.

ಅವನ್ನು ತೆಗೆಯದೆ ಆ ಚಿತ್ರದಿಂದ ಪಟಗಾ ಬಿಡಿಸಲು ಬರುತ್ತಿರಲಿಲ್ಲ. ಒಂದೊಂದಾಗಿ ಅಳಿಸಿದೆ.